ಮುಧೋಳ ನಾಯಿ ಸಾಕುವ ಮುನ್ನ ತಿಳಿಯಬೇಕಾದ್ದು: ತಳಿ, ಮರಿ ಆಯ್ಕೆ, ಕಾನೂನು, ಆರೈಕೆ

ತೋಟದ ಮನೆ ಕಾಯಬೇಕು, ಗದ್ದೆಗೆ ಇಳಿಯೋ ಹಂದಿ ಓಡಿಸಬೇಕು, ಮನೆ ಮಕ್ಕಳ ಜೊತೆ ಹೊಂದಿಕೊಂಡಿರಬೇಕು, ನೋಡೋಕೂ ಲಕ್ಷಣವಾಗಿರಬೇಕು. ನಾಯಿ ತರಬೇಕು ಅನ್ನುವವರ ಬಾಯಲ್ಲಿ ಬರುವ ಬೇಡಿಕೆ ಸಾಮಾನ್ಯವಾಗಿ ಇಷ್ಟು. ಇಷ್ಟೂ ಕೆಲಸ ಒಂದೇ ನಾಯಿ ಮಾಡಬೇಕು ಅಂದಾಗ ಮಾತು ಕೊನೆಗೆ ಮುಧೋಳಕ್ಕೆ ಹೋಗಿ ನಿಲ್ಲುತ್ತದೆ. ತೆಳ್ಳನೆ ಸೊಂಟ, ಉದ್ದ ಕಾಲು, ಚೂಪು ಮೂತಿಯ ಈ ನಾಯಿ ನಮ್ಮ ರಾಜ್ಯದ್ದೇ ಬೇಟೆ ತಳಿ. ಆದರೆ ಬೇಟೆ ನಾಯಿ ಸಾಕುವುದಕ್ಕೆ ಕಾನೂನಿನ ಅಡ್ಡಿಯಿಲ್ಲ, ಅದನ್ನು ಬೇಟೆಗೆ ಬಿಡುವುದು ಅಪರಾಧ. ಈ ಎರಡರ ನಡುವಿನ ಗೆರೆ ಎಲ್ಲಿದೆ ಅಂತ ತಿಳಿಯದೆ ಮರಿ ತಂದವರು ಆಮೇಲೆ ಅರಣ್ಯ ಇಲಾಖೆ ಕಚೇರಿಗೆ ಅಲೆಯಬೇಕಾಗುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕಿನವರಿಗೆ ಈ ವಿಷಯ ಇನ್ನೂ ಹತ್ತಿರದ್ದು. ನಾಲ್ಕೂ ತಾಲ್ಲೂಕುಗಳಲ್ಲಿ ವನ್ಯಜೀವಿಧಾಮವೋ ಪಕ್ಷಿಧಾಮವೋ ಇದೆ, ಕಬ್ಬಿನ ಗದ್ದೆಯಲ್ಲಿ ಚಿರತೆ ಇದೆ, ಹೊಲದಲ್ಲಿ ಮೊಲ, ಹಂದಿ, ನವಿಲು ಎಲ್ಲವೂ ಇವೆ.

ಮಂಡ್ಯ ಜಿಲ್ಲೆಯ ಹಳೆಯ ಬೇಟೆ ನಾಯಿ

ಮುಧೋಳದ ಸುದ್ದಿಗೆ ಮೊದಲು ನಮ್ಮ ಜಿಲ್ಲೆಯದೇ ಒಂದು ನಾಯಿಯ ಕಥೆ ಹೇಳಬೇಕು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ವೀರಗಲ್ಲು ನಾಯಿಯೊಂದರ ಹೆಸರಿನಲ್ಲಿ ನಿಂತದ್ದು. ಕಾಲ ಕ್ರಿ.ಶ. 949-50ರ ಸುಮಾರು. ಈಗ ತಮಿಳುನಾಡಿನಲ್ಲಿರುವ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಒಂದು ಕಡೆ, ಚೋಳರ ರಾಜಾದಿತ್ಯ ಇನ್ನೊಂದು ಕಡೆ ನಿಂತು ನಡೆದ ಯುದ್ಧದಲ್ಲಿ ಮಣಲೇರ ಎಂಬ ಯೋಧ ಪರಾಕ್ರಮ ತೋರಿದ. ಮೆಚ್ಚಿದ ಒಡೆಯ ಏನು ಬೇಕೋ ಬೇಡಿಕೋ ಅಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಒಂದನ್ನೊಂದು ಕೊಂದುಕೊಂಡು ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಅರ್ಚಕ ಊಟ ಮಾಡಬಾರದು ಅಂತ ಕಟ್ಟಳೆ ಮಾಡಿದರು. ಕಲ್ಲಿನ ಮೇಲೆ ನಾಯಿ ಹಂದಿಯ ಮೇಲೆ ಬಿದ್ದಿರುವ ಕೆತ್ತನೆಯಿದೆ. ಮೂಲ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಮಂಡ್ಯದ ಕಡೆಯವರು ಅಲ್ಲಿಗೆ ಹೋದಾಗ ನೋಡಬಹುದು.

ಕಾಳಿ ಯಾವ ತಳಿಯದ್ದು ಅನ್ನುವುದಕ್ಕೆ ಶಾಸನದಲ್ಲಿ ಉತ್ತರ ಸಿಗುವುದಿಲ್ಲ. ಕಾಳಿ ಮುಧೋಳ ತಳಿಯದ್ದೇ ಅಂತ ಹೇಳಿ ಮರಿ ಮಾರುವವರಿದ್ದರೆ ಅದು ವ್ಯಾಪಾರದ ಮಾತು.

ಮುಧೋಳದ ತಳಿ

ಬಾಗಲಕೋಟೆ ಜಿಲ್ಲೆಯ ಮುಧೋಳ ಇಲ್ಲಿಂದ ಸುಮಾರು 500 ಕಿ.ಮೀ. ದೂರ. ಹಿಂದೆ ಅದು ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನ. ಬೇಡರು ಮತ್ತಿತರ ಸಮುದಾಯದವರು ಬೇಟೆಗೆ ಸಾಕಿಕೊಂಡಿದ್ದ ನಾಯಿಗಳನ್ನು ರಾಜಾ ಮಾಲೋಜಿರಾವ್ ಘೋರ್ಪಡೆ ಗುರುತಿಸಿ, ಆಯ್ದು ತಳಿ ಬೆಳೆಸಿದರು. ಬ್ರಿಟನ್ನಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟ ಮೇಲೆ ಮುಧೋಳದ ಹೆಸರೇ ತಳಿಗೆ ಅಂಟಿಕೊಂಡಿತು ಅಂತ ಆ ಭಾಗದಲ್ಲಿ ಹೇಳುತ್ತಾರೆ.

ಅದೇ ನಾಯಿಗೆ ಕ್ಯಾರವಾನ್ ಹೌಂಡ್ ಅನ್ನೋ ಹೆಸರೂ ಇದೆ. ಕೆನಲ್ ಕ್ಲಬ್ ಆಫ್ ಇಂಡಿಯಾ ಆ ಹೆಸರಿನಲ್ಲಿ ನೋಂದಾಯಿಸುತ್ತದೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಅನ್ನುತ್ತದೆ. ಕಾಗದದಲ್ಲಿ ಎರಡು ಹೆಸರು ಕಂಡರೆ ಬೇರೆ ಬೇರೆ ನಾಯಿ ಅಂತ ಗಾಬರಿ ಬೇಡ. 2005ರ ಜನವರಿಯಲ್ಲಿ ಅಂಚೆ ಇಲಾಖೆ ತಂದ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳವೂ ಇತ್ತು. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ತಮಿಳುನಾಡಿನ ರಾಜಪಾಳ್ಯಂ, ಚಿಪ್ಪಿಪಾರೈ ಜೊತೆ ಮುಧೋಳವನ್ನೂ ದೇಸಿ ತಳಿಯಾಗಿ ನೋಂದಾಯಿಸಿದೆ. ನಮ್ಮ ಹಳ್ಳಿಕಾರ್ ದನಕ್ಕೆ ಇರುವಂಥ ಮಾನ್ಯತೆಯೇ ಇದು.

ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ತಳಿ ಸಂರಕ್ಷಣೆ, ಮರಿ ವಿತರಣೆ, ಸಾಕುವವರಿಗೆ ಮಾರ್ಗದರ್ಶನ ಇಲ್ಲಿ ನಡೆಯುತ್ತದೆ. 2016ರಲ್ಲಿ ಇಲ್ಲಿಯ ಮರಿಗಳು ಮೀರಠ್‌ನಲ್ಲಿರುವ ಸೇನೆಯ ಶ್ವಾನ ತರಬೇತಿ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್‌ನ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಈ ತಳಿಯ ಹೆಸರು ಹೇಳಿದ ಮೇಲಂತೂ ಬೇಡಿಕೆ ದಕ್ಷಿಣ ಕರ್ನಾಟಕಕ್ಕೂ ಇಳಿಯಿತು. ಬೇಡಿಕೆ ಏರಿದ ಕಡೆ ಕಲಬೆರಕೆಯೂ ಹಿಂದೆಯೇ ಬರುತ್ತದೆ. ಬಂಡೂರು ಕುರಿ ಅಂತ ಹೇಳಿ ಬೇರೆ ಕುರಿ ಕೊಟ್ಟು ಕಳಿಸುವುದನ್ನು ನೋಡಿದ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದೇ ನಾಯಿ, ಎಲ್ಲಾ ಕೆಲಸ?

ಯುರೋಪಿನಲ್ಲಿ ಬಹುಪಯೋಗಿ ಬೇಟೆ ನಾಯಿ ಅನ್ನುವ ವರ್ಗವೇ ಬೇರೆ ಇದೆ. ಹಕ್ಕಿ ಅಡಗಿದ ಜಾಗವನ್ನು ಮೂಗಿನಿಂದ ಹಿಡಿದು ನಿಂತು ತೋರಿಸಬೇಕು, ಗುಂಡು ಬಿದ್ದ ಮೇಲೆ ನೆಲದಿಂದಲೂ ನೀರಿನಿಂದಲೂ ಹೆಕ್ಕಿ ತರಬೇಕು, ಗಾಯಗೊಂಡು ಓಡಿದ ಪ್ರಾಣಿಯ ರಕ್ತದ ಜಾಡು ಹಿಡಿಯಬೇಕು. ಜರ್ಮನಿಯ ಒರಟು ಕೂದಲಿನ ಡ್ರಾಟ್‌ಹಾರ್, ಗಿಡ್ಡ ಕೂದಲಿನ ಪಾಯಿಂಟರ್, ಹಂಗೇರಿಯ ವಿಜ್ಲಾ ಈ ಸಾಲಿನವು. ಅಮೆರಿಕ, ಕೆನಡಾದಲ್ಲಿ ಇಂಥ ನಾಯಿಗಳನ್ನು ಪರೀಕ್ಷಿಸಲೆಂದೇ 1969ರಲ್ಲಿ ಒಂದು ಸಂಘ ಹುಟ್ಟಿತು. ಜರ್ಮನಿಯ ಡ್ರಾಟ್‌ಹಾರ್ ಸಂಘದಲ್ಲಂತೂ ಕೆಲಸದ ಪರೀಕ್ಷೆ ಪಾಸಾಗದ ನಾಯಿಯನ್ನು ತಳಿಗೆ ಬಳಸುವಂತಿಲ್ಲ. ಚೆಂದ, ಬಣ್ಣ ಎಲ್ಲಾ ಆಮೇಲೆ.

ಮುಧೋಳ ಆ ವರ್ಗದ್ದಲ್ಲ. ಅದು ಕಣ್ಣಿನಿಂದ ಬೇಟೆ ಹುಡುಕುವ ಓಟದ ನಾಯಿ, ಗ್ರೇಹೌಂಡ್, ಸಲೂಕಿಗಳ ಬಳಗ. ಬಯಲಿನಲ್ಲಿ ಏನಾದರೂ ಮಿಸುಕಿದರೆ ಸಾಕು, ಬಾಣದಂತೆ ಹೊರಡುತ್ತದೆ. ಆಗ ಯಜಮಾನ ಕೂಗಿದ್ದು ಕಿವಿಗೆ ಬೀಳುವುದಿಲ್ಲ. ಮೂಗಿನ ಕೆಲಸಕ್ಕೆ ಬೇರೆ ತಳಿಗಳೇ ಮುಂದು. ಬಂಡೀಪುರದಲ್ಲಿ ಕಳ್ಳಬೇಟೆಗಾರರ ಜಾಡು ಹಿಡಿದು ಹೆಸರಾದ ರಾಣಾ ಜರ್ಮನ್ ಶೆಫರ್ಡ್. ನೀರಿಗಿಳಿದು ಏನನ್ನೋ ತಂದುಕೊಡುವುದು ಮುಧೋಳದ ಸ್ವಭಾವವಲ್ಲ. ಕಾವಲಿಗೆ ಪರವಾಗಿಲ್ಲ, ಅಪರಿಚಿತರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಮೈ ಮುಟ್ಟಿಸಿಕೊಳ್ಳುವುದಿಲ್ಲ. ಆದರೆ ಅಂಗಡಿ ಮುಂದೆ ಗಿರಾಕಿಗಳ ನಡುವೆ ಕಟ್ಟಿಹಾಕಲು ಇದು ತಕ್ಕ ನಾಯಿಯಲ್ಲ. ಗಾಬರಿಯ ಸ್ವಭಾವ, ಸದ್ದು ಗದ್ದಲಕ್ಕೆ ಬೆಚ್ಚುತ್ತದೆ, ಬೆಚ್ಚಿದ ನಾಯಿ ಕಚ್ಚುತ್ತದೆ.

ಪೇಟೆ ಬೀದಿಯ ಅಂಗಡಿ, ಗೋಡೌನ್ ಕಾಯಲು ಚುಚ್ಚುಮದ್ದು ಹಾಕಿಸಿದ ಒಂದು ಊರ ನಾಯಿ ಧಾರಾಳ ಸಾಕು. ಬೇಲಿ ಹಾಕಿದ ಒಂದೆರಡು ಎಕರೆ ತೋಟ ಇದ್ದು, ದಿನಾ ಬೆಳಿಗ್ಗೆ ಸಂಜೆ ನಾಯಿಯ ಹಿಂದೆ ಓಡಾಡಲು ಮನೆಯಲ್ಲೊಬ್ಬರಿಗೆ ಪುರುಸೊತ್ತಿದ್ದರೆ ಮಾತ್ರ ಮುಧೋಳದ ಯೋಚನೆ ಮಾಡಬೇಕು. ದಿನವಿಡೀ ಸರಪಳಿಯಲ್ಲಿ ಬಿಗಿದರೆ ಇದು ಕೆಡುತ್ತದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ ಪ್ರಕಾರ ಸಾಕುನಾಯಿಯನ್ನು ಸದಾ ಕಟ್ಟಿಹಾಕಿ ಅಡ್ಡಾಡಲು ಬಿಡದಿರುವುದೂ ಹಿಂಸೆಯೇ.

ಓಡಿಸಿದರೂ ಅದು ಬೇಟೆ

ಹೊಸತೊಡಕಿನ ಹೊತ್ತಿಗೆ ನಾಯಿ ಕಟ್ಟಿಕೊಂಡು ಮೊಲಕ್ಕೆ ಹೋಗುವುದು ನಮ್ಮ ಕಡೆ ಹಳೆಯ ರೂಢಿ. ಕಬ್ಬು ಕಟಾವಾದ ಮೇಲೆ ಗದ್ದೆ ಬಯಲಾದಾಗ, ಹುರುಳಿ ಹೊಲ ಖಾಲಿಯಾದಾಗ ನಾಯಿ ಬಿಟ್ಟು ಓಡಿಸುವುದನ್ನು ಇನ್ನೂ ಕೆಲವರು ಮೋಜು ಅಂತಲೇ ತಿಳಿದಿದ್ದಾರೆ. ಮೊಲ ಸಿಕ್ಕಲೇ ಇಲ್ಲ, ಸುಮ್ಮನೆ ಓಡಿಸಿದ್ದು ಅನ್ನುವ ಸಮಜಾಯಿಷಿ ಕಾನೂನಿನ ಮುಂದೆ ನಿಲ್ಲುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಬೇಟೆ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ನಾಯಿ ಬಿಟ್ಟು ಅಟ್ಟುವುದು, ಉರುಳು ಹಾಕುವುದು, ಸೋವುವುದು, ಇವುಗಳಿಗೆ ಪ್ರಯತ್ನ ಮಾಡುವುದು ಎಲ್ಲವೂ ಸೇರಿವೆ. ಸ್ವಂತ ಜಮೀನಿನಲ್ಲಿ ಮಾಡಿದೆ ಅನ್ನುವುದೂ ನೆಪವಾಗುವುದಿಲ್ಲ.

ಮೊಲ, ಕಾಡುಹಂದಿ ಎರಡೂ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿಗಳೇ. ಶಿಕ್ಷೆ ಗರಿಷ್ಠ 3 ವರ್ಷ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡದ ಮೊತ್ತ ಮೊದಲು 25 ಸಾವಿರ ಇತ್ತು, 2022ರ ತಿದ್ದುಪಡಿಯಲ್ಲಿ ಏರಿತು. ನವಿಲು, ಚಿರತೆ, ತೋಳದಂಥ ಮೊದಲ ಅನುಸೂಚಿಯ ಪ್ರಾಣಿಯಾದರೆ, ಇಲ್ಲವೇ ಅಭಯಾರಣ್ಯದ ಒಳಗೆ ಬೇಟೆಯಾಡಿದರೆ ಕನಿಷ್ಠವೇ 3 ವರ್ಷ, ಗರಿಷ್ಠ 7 ವರ್ಷ ಜೈಲು. ಕೃತ್ಯಕ್ಕೆ ಬಳಸಿದ ಬೈಕು, ಬಲೆ, ಆಯುಧ ಜಪ್ತಾಗುತ್ತವೆ.

ಇದನ್ನು ನಮ್ಮ ನಕ್ಷೆಯ ಮೇಲೆ ಇಟ್ಟು ನೋಡಬೇಕು. ಮೇಲುಕೋಟೆ ದೇವಾಲಯ ವನ್ಯಜೀವಿಧಾಮ 1974ರಲ್ಲಿ ಘೋಷಣೆಯಾದದ್ದು, ಸುಮಾರು 50 ಚದರ ಕಿ.ಮೀ. ವಿಸ್ತಾರ. ಪಾಂಡವಪುರದ ಕಡೆ ಒಂದು ಭಾಗ, ಕೆ.ಆರ್.ಪೇಟೆ ಕಡೆ ನಾರಾಯಣದುರ್ಗದ ಭಾಗ. ಇದು ತೋಳಗಳಿಗೆ ಹೆಸರಾದ ಕಾಡು. ತೋಳ ಮತ್ತು ನಾಯಿ ಹತ್ತಿರದ ಬಂಧುಗಳು, ಒಂದರ ರೋಗ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತದೆ. ಚುಚ್ಚುಮದ್ದು ಕಾಣದ ಒಂದು ನಾಯಿ ತರುವ ಡಿಸ್ಟೆಂಪರ್ ಅಥವಾ ಹುಚ್ಚುನಾಯಿ ರೋಗ ಒಂದು ತೋಳದ ಗುಂಪನ್ನೇ ಮುಗಿಸಬಹುದು. ನಾಯಿ ತೋಳದ ಮಿಶ್ರ ಸಂತಾನವೂ ಆಗುತ್ತದೆ, ಹಾಗಾದರೆ ತೋಳದ ತಳಿಯೇ ಕೆಡುತ್ತದೆ. ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿ ನವಿಲುಧಾಮ. ಶ್ರೀರಂಗಪಟ್ಟಣದಲ್ಲಿ ರಂಗನತಿಟ್ಟು, 1940ರಿಂದ ಪಕ್ಷಿಧಾಮ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ರಾಜ್ಯದ ಮೊದಲ ಜಾಗ. ಈ ಮೂರರ ಅಂಚಿನ ಊರುಗಳಲ್ಲಿ ಓಟದ ನಾಯಿ ಸಾಕುವವರು ಬೇಲಿ ಗಟ್ಟಿ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ. ನಾಯಿಗೆ ಗಡಿ ಕಲ್ಲು ಓದಲು ಬರುವುದಿಲ್ಲ.

ಹಂದಿ ಕಾಟದ ಮಾತು ಬೇರೆ. ರಾತ್ರೋರಾತ್ರಿ ಭತ್ತ, ಜೋಳ, ಕಬ್ಬು ನೆಲಸಮ ಮಾಡಿ ಹೋಗುವ ಹಂದಿ ರೈತನಿಗೆ ನಿಜವಾದ ಸಂಕಟ, ಅದನ್ನು ಕಾನೂನೂ ಒಪ್ಪುತ್ತದೆ. ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಗುತ್ತದೆ. ಅರ್ಜಿ ಕೊಡುವ ಮುನ್ನ ಹಾನಿಯ ಫೋಟೊ ತೆಗೆದಿಟ್ಟುಕೊಂಡು, ಪಹಣಿ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೊತೆಗಿಟ್ಟುಕೊಂಡರೆ ಓಡಾಟ ಕಡಿಮೆ. ಹಂದಿಯನ್ನು ಕೊಲ್ಲಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಲಿಖಿತ ಆದೇಶ ಕೊಟ್ಟಿರಬೇಕು. ಅಂಥ ಆದೇಶವಿಲ್ಲದೆ ನಾಯಿ ಬಿಟ್ಟು ಹಂದಿ ಬೀಳಿಸಿದರೆ ಬೇಟೆಯ ಕೇಸೇ. ಜಮೀನಿನೊಳಗೆ ನಾಯಿ ಬೊಗಳಿದ ಸದ್ದಿಗೆ ಹಂದಿ ಹಿಂದಿರುಗಿತು ಅಂದರೆ ಅದು ಕಾವಲು, ಅಲ್ಲಿಗೆ ನಿಲ್ಲಬೇಕು. ಇನ್ನೊಂದು ಅಪಾಯವೂ ಇದೆ. ಹಂದಿಗೆಂದು ಇಟ್ಟ ಸಿಡಿಮದ್ದು ಕಚ್ಚಿ ಬಾಯಿ ಛಿದ್ರವಾಗುವುದು, ಅಕ್ರಮ ಕರೆಂಟ್ ತಂತಿಗೆ ಸಿಕ್ಕಿ ಸಾಯುವುದು, ಉರುಳಿಗೆ ಬೀಳುವುದು, ಇವೆಲ್ಲಾ ಹೊಲದಲ್ಲಿ ಬಿಟ್ಟು ಸಾಕಿದ ನಾಯಿಯ ಪಾಡು. ಕಾಳಿಯಂಥ ಹೆಸರುವಾಸಿ ನಾಯಿಯೇ ಹಂದಿಯ ಕೋರೆಗೆ ಸತ್ತಿತ್ತು ಅನ್ನುವುದನ್ನು ಮರೆಯಬಾರದು.

ಚಿರತೆಯ ವಿಷಯ ಇಲ್ಲಿಯವರಿಗೆ ಹೊಸದಲ್ಲ. 2022ರ ನವೆಂಬರ್‌ನಲ್ಲಿ ಕೆಆರ್‌ಎಸ್‌ನ ಬೃಂದಾವನವನ್ನೇ ಚಿರತೆ ಕಾರಣಕ್ಕೆ ಪ್ರವಾಸಿಗರಿಗೆ ಮುಚ್ಚಿದ್ದರು. ಕಬ್ಬಿನೊಳಗೆ ಮರಿ ಹಾಕುವ ಚಿರತೆಗೆ ನಾಯಿ ಸುಲಭದ ಊಟ, ಕಟ್ಟಿಹಾಕಿದ ನಾಯಿ ಇನ್ನೂ ಸುಲಭ. ಎಷ್ಟೇ ಓಡುವ ನಾಯಿಯಾದರೂ ಸರಪಳಿಯಲ್ಲಿದ್ದರೆ ಏನೂ ಮಾಡಲಾಗದು. ತೋಟದ ಮನೆಯಲ್ಲಿ ನಾಯಿ ಸಾಕುವವರು ರಾತ್ರಿ ಅದನ್ನು ಜಾಲರಿ ಬಾಗಿಲಿನ, ಮೇಲೆ ಮುಚ್ಚಿಗೆಯಿರುವ ಗೂಡಿನೊಳಗೆ ಕೂಡಬೇಕು. ಚಿರತೆ ಬಂದಿದೆ ಅಂತ ನಾಯಿ ಛೂ ಬಿಡುವುದು ನಾಯಿಗೂ ಮನುಷ್ಯನಿಗೂ ಅಪಾಯ. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಹಾಗಾದರೆ ಇದಕ್ಕೆ ಕೆಲಸವೇನು?

ಓಟಕ್ಕೆ ಹುಟ್ಟಿದ ನಾಯಿಗೆ ಓಟ ಬೇಕೇ ಬೇಕು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ನಾಯಿ ಓಟದ ಸ್ಪರ್ಧೆ ನಡೆಯುತ್ತವೆ. ವಿದೇಶಗಳಲ್ಲಿ ಹಗ್ಗಕ್ಕೆ ಕಟ್ಟಿದ ಬಟ್ಟೆಯ ಚೂರನ್ನು ಮೋಟರಿನಿಂದ ಸರಸರನೆ ಎಳೆದು ಅದರ ಹಿಂದೆ ನಾಯಿ ಓಡಿಸುತ್ತಾರೆ. ಬೇಲಿ ಹಾಕಿದ ಬಯಲಿದ್ದರೆ ಹಳೆಯ ಸೈಕಲ್ ಚಕ್ರದ ರಿಮ್ಮಿಗೆ ದಾರ ಸುತ್ತಿ ಕೈಯಿಂದ ತಿರುಗಿಸಿಯೂ ಇದನ್ನು ಮಾಡಬಹುದು. ದೊಡ್ಡ ಖರ್ಚಿಲ್ಲ, ನಾಯಿ ಬೆವರದೆ ನಾಲಿಗೆ ಹೊರಹಾಕಿ ತೃಪ್ತಿಯಾಗಿ ಮಲಗುತ್ತದೆ. ಜೀವಂತ ಮೊಲವನ್ನೋ ಕೋಳಿಯನ್ನೋ ಮುಂದೆ ಬಿಟ್ಟು ಓಡಿಸಿದರೆ ಮಾತ್ರ ಪ್ರಾಣಿ ಹಿಂಸೆ ಕಾಯ್ದೆ ಅಡ್ಡ ಬರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಅಥವಾ ಸೂರ್ಯ ಇಳಿದ ಮೇಲೆ ಓಡಿಸಬೇಕು. ಕಾದ ಡಾಂಬರು ಪಾದ ಸುಡುತ್ತದೆ.

ಜರ್ಮನಿಯವರ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೇಟೆಯ ಪರೀಕ್ಷೆ ನಮ್ಮಲ್ಲಿ ಸಾಧ್ಯವಿಲ್ಲ. ಆದರೆ ಓಡಿದಾಗ ಉಸಿರು ನಿಲ್ಲುತ್ತದೆಯೇ, ಕಾಲು ಕುಂಟುತ್ತದೆಯೇ, ಸಿಡಿಲು ಪಟಾಕಿಗೆ ಹೇಗಿರುತ್ತದೆ, ಕರೆದರೆ ಬರುತ್ತದೆಯೇ, ಮನೆ ಮಕ್ಕಳ ಮೇಲೆ ಗುರುಗುಟ್ಟುತ್ತದೆಯೇ ಅನ್ನುವ ಪರೀಕ್ಷೆ ಎಲ್ಲರ ಹಿತ್ತಲಲ್ಲೂ ಆಗುತ್ತದೆ. ಇದರಲ್ಲಿ ಸೋತ ನಾಯಿಯಿಂದ ಮರಿ ತೆಗೆಯಬಾರದು. ಈಗ ಆಗುತ್ತಿರುವುದು ಉಲ್ಟಾ. ಬಣ್ಣ ಚೆನ್ನಾಗಿದೆ, ಎತ್ತರ ಇದೆ, ಫೋಟೊಗೆ ಲೈಕ್ ಬರತ್ತೆ ಅಂತ ಹೆಣ್ಣು ಕೂಡಿಸುತ್ತಾರೆ.

ಮರಿ ಕೊಳ್ಳುವಾಗ

ತಾಯಿ ನಾಯಿಯನ್ನು ನೋಡದೆ ಮರಿ ಕೊಳ್ಳಬಾರದು. ಇದೊಂದು ನಿಯಮ ಪಾಲಿಸಿದರೆ ಅರ್ಧ ಮೋಸ ತಪ್ಪುತ್ತದೆ. ಫೋನಿನಲ್ಲಿ ಫೋಟೊ ಕಳಿಸಿ, ಅಡ್ವಾನ್ಸ್ ಹಾಕಿಸಿಕೊಂಡು, ಬಸ್ಸಿನಲ್ಲಿ ಮರಿ ಕಳಿಸ್ತೀವಿ ಅನ್ನುವವರ ಹತ್ತಿರ ವ್ಯವಹಾರ ಬೇಡ. ಶುದ್ಧ ಮುಧೋಳದ ಬೆಳೆದ ಗಂಡು ಭುಜದವರೆಗೆ 68ರಿಂದ 72 ಸೆಂ.ಮೀ., ಹೆಣ್ಣು 64ರಿಂದ 68 ಸೆಂ.ಮೀ. ಎತ್ತರ. ತಲೆ ಉದ್ದ ಕಿರಿದು, ಎದೆ ಆಳ, ಹೊಟ್ಟೆ ಒಳಕ್ಕೆ ಎಳೆದಂತೆ, ಕೂದಲು ಗಿಡ್ಡ. ಪಕ್ಕೆಲುಬು ಸ್ವಲ್ಪ ಕಂಡರೆ ಅದು ಉಪವಾಸದ ಲಕ್ಷಣವಲ್ಲ, ತಳಿಯ ಮೈಕಟ್ಟೇ ಹಾಗೆ. ಎರಡು ತಿಂಗಳ ಮರಿಯಲ್ಲಿ ಇದೆಲ್ಲಾ ಗೊತ್ತಾಗುವುದಿಲ್ಲ, ಅದಕ್ಕೇ ತಾಯಿ, ಸಾಧ್ಯವಾದರೆ ತಂದೆಯನ್ನೂ ನೋಡಬೇಕು ಅನ್ನುವುದು.

8 ವಾರ ತುಂಬದ ಮರಿ ಮಾರುವಂತಿಲ್ಲ. ಇದು 2017ರ ಶ್ವಾನ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳ ಮಾತು. ತಾಯಿ ಹಾಲು ಬೇಗ ಬಿಡಿಸಿದ ಮರಿ ಪಾರ್ವೋ ಭೇದಿಗೆ ಬೇಗ ಬಲಿಯಾಗುತ್ತದೆ, ಒಡಹುಟ್ಟುಗಳ ಜೊತೆ ಆಡಿ ಕಲಿಯಬೇಕಾದ್ದನ್ನು ಕಲಿಯದೆ ಕಚ್ಚುವ ಚಾಳಿ ಬೆಳೆಸಿಕೊಳ್ಳುತ್ತದೆ. ಜಂತುಹುಳು ಔಷಧಿ, ಮೊದಲ ಚುಚ್ಚುಮದ್ದು ಯಾವ ದಿನ ಆಯಿತು ಅನ್ನುವುದಕ್ಕೆ ಪಶುವೈದ್ಯರ ಸಹಿಯ ಕಾರ್ಡು ಕೇಳಿ ಪಡೆಯಬೇಕು. ವ್ಯವಧಾನವಿದ್ದವರು ತಿಮ್ಮಾಪುರದ ಕೇಂದ್ರದಲ್ಲೇ ಮುಂಗಡ ಹೆಸರು ನೋಂದಾಯಿಸಿ ಕಾಯುವುದು ಒಳ್ಳೆಯದು. ತಡವಾಗಬಹುದು, ಆದರೆ ಸಿಗುವ ಮರಿಯ ವಂಶ ಗೊತ್ತಿರುತ್ತದೆ.

ಮರಿ ಮಾಡಿಸುವವರಿಗೆ, ಮಾರುವವರಿಗೆ

ಮಾರುವ ಉದ್ದೇಶಕ್ಕೆ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಒಂದು ಮನೆಯಲ್ಲಿ ಒಂದೇ ಹೆಣ್ಣು ನಾಯಿ ಇದ್ದರೂ ವ್ಯಾಪಾರ ವ್ಯಾಪಾರವೇ. ಪೆಟ್ ಶಾಪ್ ಇಟ್ಟಿರುವ ಅಂಗಡಿಯವರಿಗೆ 2018ರ ಪ್ರತ್ಯೇಕ ನಿಯಮಗಳಿವೆ, ಅಲ್ಲಿಯೂ ನೋಂದಣಿ ಕಡ್ಡಾಯ. ಸಂತೆ, ರಸ್ತೆ ಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವುದಕ್ಕೆ ಅವಕಾಶವಿಲ್ಲ.

ಹೆಣ್ಣು ನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಮೊದಲ ಬೆದೆಗೇ ಗಂಡು ಬಿಡುವುದು ತಪ್ಪು, 18 ತಿಂಗಳು ತುಂಬಿರಬೇಕು ಅನ್ನುತ್ತದೆ ನಿಯಮ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ತೆಗೆಯುವಂತಿಲ್ಲ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ. ರಕ್ತ ಕಾಣಿಸಿದ ದಿನದಿಂದ ಸುಮಾರು 10ರಿಂದ 14ನೇ ದಿನದ ನಡುವೆ ಕೂಡಿಸುತ್ತಾರೆ, ಗಬ್ಬ ಸುಮಾರು 63 ದಿನ. ಕೂಡಿಸುವ ಮುನ್ನ ಎರಡೂ ನಾಯಿಯನ್ನು ಪಶುವೈದ್ಯರಿಗೆ ತೋರಿಸಬೇಕು. ಕೂಡುವಾಗ ಅಂಟುವ ಒಂದು ಬಗೆಯ ಗಡ್ಡೆ ರೋಗ ನಮ್ಮ ಬೀದಿನಾಯಿಗಳಲ್ಲಿ ಸಾಮಾನ್ಯ. ಜನನಾಂಗದಿಂದ ಆಗಾಗ ರಕ್ತ ತೊಟ್ಟಿಕ್ಕುವುದು ಅದರ ಗುರುತು. ಬೆದೆಗೆ ಬಂದ ಸಾಕುನಾಯಿ ಬೇಲಿ ಹಾರಿ ಹೋಗಿ ಬಂದರೆ ಅದು ಮನೆಗೆ ಬರುವುದು ಹೀಗೆಯೇ. ಮರಿ ಹಾಕಿ ಎರಡು ಮೂರು ವಾರದಲ್ಲಿ ತಾಯಿ ನಡುಗಿ, ಏದುಸಿರು ಬಿಟ್ಟು, ಕಾಲು ಸೆಟೆದುಕೊಂಡರೆ ಹಸುವಿಗೆ ಬರುವ ಹಾಲುಜ್ವರದಂಥದೇ ಸುಣ್ಣದಂಶದ ಕೊರತೆ. ಆಗ ಗಂಟೆಗಳ ಲೆಕ್ಕ, ಬೆಳಗಾಗಲಿ ಅಂತ ಕಾಯಬಾರದು.

ರಕ್ತಸಂಬಂಧದ ಪ್ರಶ್ನೆಯೇ ತಳಿಯ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಹಸು ಸಾಕುವವರಿಗೆ ಗೊತ್ತು, ಯಾವ ಹೋರಿಯ ಸೆಮೆನ್‌ನಿಂದ ಕಡಸು ಹುಟ್ಟಿತೋ ಅದೇ ಹೋರಿಯದನ್ನು ಆ ಕಡಸಿಗೆ ಕೊಡಿಸಬಾರದು. ನಾಯಿಯಲ್ಲಿ ಮಾತ್ರ ಈ ಎಚ್ಚರ ಇಲ್ಲ. ಮುಧೋಳದಿಂದ ಒಂದೇ ಸೂಲಿನ ಗಂಡು ಹೆಣ್ಣು ಜೋಡಿ ತಂದು, ಎರಡು ವರ್ಷಕ್ಕೆ ಅವನ್ನೇ ಕೂಡಿಸಿ, ಪ್ಯೂರ್ ಬ್ರೀಡ್ ಅಂತ ಮಾರಿದರೆ ಹುಟ್ಟುವ ಮರಿಗಳಲ್ಲಿ ಕುರುಡು, ಕಿವುಡು, ಹೃದಯದ ತೊಂದರೆ, ಬಂಜೆತನ ಹೆಚ್ಚುತ್ತಾ ಹೋಗುತ್ತವೆ. ಕೊಂಡವನಿಗೆ ಕಾಣುವುದು ಎರಡನೇ ತಲೆಮಾರಿನಲ್ಲಿ, ಅಷ್ಟರಲ್ಲಿ ಮಾರಿದವನ ಫೋನ್ ನಂಬರ್ ಬದಲಾಗಿರುತ್ತದೆ. ಜೋಡಿ ತರುವವರು ಬೇರೆ ಬೇರೆ ಮನೆಯ ಮರಿ ತರಬೇಕು. ಒಂದು ನೋಟ್‌ಬುಕ್‌ನಲ್ಲಿ ತಂದೆ, ತಾಯಿ, ಹುಟ್ಟಿದ ದಿನ, ಎಷ್ಟು ಮರಿ, ಎಷ್ಟು ಸತ್ತವು, ಯಾವ ಊರಿಗೆ ಹೋದವು ಅಂತ ಬರೆದಿಟ್ಟರೆ ಅದೇ ವಂಶಾವಳಿ. ತಾಲ್ಲೂಕಿನಲ್ಲಿ ಹತ್ತು ಜನ ಸಾಕುವವರು ಇಂಥ ಹತ್ತು ನೋಟ್‌ಬುಕ್ ಇಟ್ಟುಕೊಂಡು ಪರಸ್ಪರ ತೋರಿಸಿಕೊಂಡರೆ ತಳಿಗೆ ಅದಕ್ಕಿಂತ ದೊಡ್ಡ ಪ್ರಚಾರ ಬೇಕಿಲ್ಲ.

ಊಟ, ಉಣ್ಣೆ, ಅರಿವಳಿಕೆ

ಮುಧೋಳದ ಕಡೆ ಜೋಳ, ಗೋವಿನಜೋಳ, ಹಾಲು ಹಾಕಿ ಸಾಕುತ್ತಾರೆ. ಇಲ್ಲಿ ರಾಗಿಮುದ್ದೆ ಆಗುತ್ತದೆ, ಆದರೆ ಬರೀ ಮುದ್ದೆ ಸಾರು ಹಾಕಿದರೆ ಮೈಕಟ್ಟು ಬರುವುದಿಲ್ಲ. ಮೊಟ್ಟೆ, ಬೇಯಿಸಿದ ಕೋಳಿ ಇಲ್ಲವೇ ಕುರಿಯ ಮಾಂಸ ಜೊತೆಗಿರಬೇಕು. ಬೇಯಿಸಿದ ಕೋಳಿ ಮೂಳೆ ಸೀಳಿ ಗಂಟಲು, ಕರುಳು ಚುಚ್ಚುತ್ತದೆ, ಹಾಕಬಾರದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ವಿಷ. ಊಟವಾದ ತಕ್ಷಣ ಓಡಿಸಬಾರದು, ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಅಪಾಯವಿದೆ.

ಕಾಲುವೆ ಬಯಲಿನ ಹುಲ್ಲು, ಕಬ್ಬಿನ ತರಗಿನಲ್ಲಿ ಓಡಾಡುವ ನಾಯಿಗೆ ಉಣ್ಣೆ ಕಾಟ ತಪ್ಪಿದ್ದಲ್ಲ. ಉಣ್ಣೆಯಿಂದ ಬರುವ ಜ್ವರ ಮುಧೋಳವನ್ನೂ ಬಿಡುವುದಿಲ್ಲ. ಊಟ ಬಿಡುವುದು, ವಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ ಕಂಡರೆ ರಕ್ತ ಪರೀಕ್ಷೆ ಮಾಡಿಸಬೇಕು. ದನಕ್ಕೆ ಹೊಡೆಯುವ ಉಣ್ಣೆ ಔಷಧಿಯನ್ನು ಅಳತೆ ಗೊತ್ತಿಲ್ಲದೆ ನಾಯಿಗೆ ಸುರಿದು ಸಾಯಿಸಿದವರಿದ್ದಾರೆ. ಔಷಧಿ ಅಂಗಡಿಯಲ್ಲಿ ಕೇಳುವ ಬದಲು ಪಶು ಆಸ್ಪತ್ರೆಯಲ್ಲಿ ಕೇಳಿ.

ಮುಧೋಳ ಸಾಕುವ ಪ್ರತಿ ಮನೆಯವರೂ ನೆನಪಿಡಬೇಕಾದ ಒಂದು ಸಂಗತಿ ಅರಿವಳಿಕೆಯದ್ದು. ಈ ಬಗೆಯ ಓಟದ ನಾಯಿಗಳ ಮೈಯಲ್ಲಿ ಕೊಬ್ಬು ತೀರಾ ಕಡಿಮೆ. ಥಯೋಪೆಂಟಾಲ್‌ನಂಥ ಕೆಲವು ಅರಿವಳಿಕೆ ಔಷಧಿಗಳನ್ನು ಇವುಗಳ ದೇಹ ನಿಧಾನವಾಗಿ ಕರಗಿಸುತ್ತದೆ. ಬೇರೆ ನಾಯಿ ಒಂದು ಗಂಟೆಯಲ್ಲಿ ಎದ್ದರೆ ಇದು ಬಹಳ ಹೊತ್ತು ಏಳದೇ ಹೋಗಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆಗೋ ಗಾಯಕ್ಕೆ ಹೊಲಿಗೆ ಹಾಕಿಸಲಿಕ್ಕೋ ಕರೆದೊಯ್ದಾಗ ಇದು ಮುಧೋಳ ಅಂತ ಮೊದಲೇ ಹೇಳಬೇಕು, ಹೇಳಿದರೆ ಡಾಕ್ಟರು ಔಷಧಿ ಬದಲಿಸುತ್ತಾರೆ. ಚಳಿಗೂ ಇವು ಬೇಗ ನಡುಗುತ್ತವೆ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಗೂಡಿಗೆ ಎರಡು ಗೋಣಿಚೀಲ ಹಾಸಿದರೆ ಸಾಕು.

ಆರರಿಂದ ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಮೂರು ನಾಲ್ಕು ವಾರ ಬಿಟ್ಟು ಬೂಸ್ಟರ್, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು, ಆಮೇಲೆ ಪ್ರತಿ ವರ್ಷ ತಪ್ಪದೆ. ಆದರೂ ನಾಯಿ ಯಾರನ್ನಾದರೂ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ, ಖಾರದಪುಡಿ ಹಚ್ಚಬಾರದು. ನಾಯಿಗೇ ಹುಷಾರಿಲ್ಲದಿದ್ದರೆ ಪಶು ಸಂಜೀವಿನಿ ಸಹಾಯವಾಣಿ 1962. ಕರೆ ಮಾಡುವಾಗ ಊರು, ನಾಯಿಯ ವಯಸ್ಸು, ಕೊನೆಯ ಚುಚ್ಚುಮದ್ದಿನ ದಿನಾಂಕ ಕೈಯಲ್ಲಿರಲಿ.